ಪಕ್ಷದ ಅಂಗಿಯೂ ಸರಕಾರದ ಬಿಲ್ಲೆಯೂ

(ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವು ನಿಮಗೆ ತುಸು ವಿಚಿತ್ರವಾಗಿ ತೋರಬಹುದು. ಜರ್ಮನಿಯ ನಾತ್ಸಿ ಪಕ್ಷದವರು ಯಾವ ಬಣ್ಣದ ಅಂಗಿಯನ್ನು ತೊಡುತ್ತಿದ್ದರು, ಕೊರಳಪಟ್ಟಿಯ ಮೇಲೆ ಎಷ್ಟು ಚುಕ್ಕೆಗಳನ್ನು ಹಚ್ಚಿಕೊಳ್ಳುತ್ತಿದ್ದರು, ತೋಳಿಗೆ ಎಂಥ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದರು ಎಂಬದೆಲ್ಲ ಸಿಂಪಿಗರಿಗೆ ಸೇರಿದ ಮಾತು, ವಿಚಾರವಂತರಿಗೆ ಅದರಿಂದ ಆಗತಕ್ಕದ್ದೇನು ಎಂದು ಯಾರಾದರೂ ಕೇಳಿಯಾರು. ಆ ಪಕ್ಷದ ತತ್ತ್ವಗಳನ್ನೂ ಅದು ಹೂಡಿದ ಯುದ್ಧವನ್ನೂ ಅದು ನಡೆಸಿದ ನರಮೇಧವನ್ನೂ ಕುರಿತು ಬೇಕಾದಷ್ಟು ಗ್ರಂಥಗಳಿವೆ. ಆದರೆ ತತ್ತ್ವವು ಗ್ರಂಥದೊಳಗೆ ಮಲಗಿರುತ್ತದೆ. ಅಂಗಿಯು ಬೀದಿಯಲ್ಲಿ ನಡೆದುಬರುತ್ತದೆ. ಗ್ರಂಥವನ್ನು ಎಂದೂ ಮುಟ್ಟದವನು ಸಹ ಆ ಅಂಗಿಯನ್ನು ನೋಡಿದನು. ನೋಡಿ ಅಂಜಿದನು, ಇಲ್ಲವೆ ತನಗೂ ಅಂಥದೊಂದು ಇರಬೇಕೆಂದು ಆಶೆಪಟ್ಟನು. ಈ ಅಂಜಿಕೆ, ಈ ಆಶೆ ಎಂಬ ಎರಡು ಗಾಲಿಗಳ ಮೇಲೆ ಒಂದು ದೊಡ್ಡ ರಾಷ್ಟ್ರದ ಸ್ವಾತಂತ್ರ್ಯವು ಹೇಗೆ ಉರುಳಿಹೋಯಿತೆಂಬದನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮ ಕಡೆಗೆ ಕಚೇರಿಯ ಸಿಪಾಯಿಯನ್ನು ಪಟ್ಟೇವಾಲಾ ಎಂದು ಕರೆಯುವ ವಾಡಿಕೆಯಿತ್ತು. ಮನುಷ್ಯನ ಹೆಸರೇ ಮರೆತು ಅವನ ಹೆಗಲ ಮೇಲಿನ ಪಟ್ಟೆಯೇ ಅವನ ಹೆಸರಾಯಿತು. ಆ ಪಟ್ಟೆಯ ಮೇಲಿನ ಹಿತ್ತಾಳೆಯ ಬಿಲ್ಲೆಯನ್ನು ಕಂಡು ಹಳ್ಳಿಯ ರೈತನು ಎದ್ದು ನಿಲ್ಲುತ್ತಿದ್ದನು. ಅದು ಅಷ್ಟೇನೂ ಹೆಮ್ಮೆಪಡತಕ್ಕ ಸಂಗತಿಯಲ್ಲ. ಆದರೂ ಆ ಬಿಲ್ಲೆಯಲ್ಲಿ ಒಂದು ಕಟ್ಟುಪಾಡು ಇತ್ತು. ಅದನ್ನು ಕೊಟ್ಟವರು ಯಾರೆಂಬದು ಗೊತ್ತಿತ್ತು. ತಪ್ಪು ನಡೆದರೆ ಕಸಿದುಕೊಳ್ಳತಕ್ಕವರು ಯಾರೆಂಬದೂ ಗೊತ್ತಿತ್ತು. ಪೋಲೀಸನ ಅಂಗಿಯ ಮೇಲೆ ಅಂಕೆಯನ್ನು ಹಚ್ಚುವದು ಅವನ ಶೋಭೆಗಾಗಿ ಅಲ್ಲ; ಅವನು ಅನ್ಯಾಯ ಮಾಡಿದರೆ ನಾಗರಿಕನು ಆ ಅಂಕೆಯನ್ನು ಗುರುತಿಟ್ಟುಕೊಂಡು ದೂರು ಕೊಡಲೆಂದು. ಸರಕಾರದ ಗುರುತು ಹೀಗೆ ಅಧಿಕಾರವನ್ನು ತೋರಿಸುವದರ ಜೊತೆಗೆ ಆ ಅಧಿಕಾರದ ಮೇರೆಯನ್ನೂ ತೋರಿಸುತ್ತದೆ. ಒಂದು ರಾಜಕೀಯ ಪಕ್ಷವು ತನ್ನವರಿಗೆ ತಾನೇ ಅಂಗಿ ಹೊಲಿಸಿ, ತಾನೇ ಪದವಿಗಳನ್ನು ಹಂಚಿ, ತಾನೇ ಬಿಲ್ಲೆಗಳನ್ನು ಅಂಟಿಸಿ ಬೀದಿಗೆ ಬಿಟ್ಟಾಗ ಈ ಮೇರೆ ಎಂಬದು ಇರುವದೇ ಇಲ್ಲ. ಆ ಬಿಲ್ಲೆಯು ಮೇಲಿನವನಿಗೆ ವಿಧೇಯತೆಯನ್ನು ಸಾರುತ್ತದೆ. ಎದುರಿಗಿದ್ದ ನಾಗರಿಕನಿಗೆ ಯಾವ ಉತ್ತರವನ್ನೂ ಕೊಡುವದಿಲ್ಲ.

ಈ ಪದ್ಧತಿಯ ತವರುಮನೆ ಇಟಲಿ. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ಸೈನ್ಯದೊಳಗೆ ‘ಆರ್ದಿತಿ’ ಎಂಬ ಸಾಹಸಿ ದಾಳಿಪಡೆಯಿತ್ತು. ಕಪ್ಪು ಬಣ್ಣವು ಅದರ ಗುರುತಾಗಿತ್ತು. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ಉಳಿದ ಇಂಥ ಯೋಧರನೇಕರು ಮುಸೊಲಿನಿಯ ಸುತ್ತು ಕೂಡಿದರು. ಅವರ ಜೊತೆಗೆ ಕಪ್ಪು ಅಂಗಿಯೂ ಬಂದಿತು. 1922ರ ಅಕ್ಟೋಬರ ತಿಂಗಳಲ್ಲಿ ಕರಿ ಅಂಗಿಯವರ ಗುಂಪುಗಳು ರೋಮಿನ ಕಡೆಗೆ ಹೊರಟಾಗ ದೊರೆಯು ಅವರನ್ನು ತಡೆಯಲು ಸೈನ್ಯವನ್ನು ಕಳಿಸಲಿಲ್ಲ. ಮುಸೊಲಿನಿಯನ್ನೇ ಕರೆದು ಮುಖ್ಯಮಂತ್ರಿಯ ಪದವಿಯನ್ನು ಒಪ್ಪಿಸಿದನು. ಮರುವರ್ಷವೇ ಆ ಗುಂಪುಗಳು ಸರಕಾರದ ಹಣದಿಂದ ನಡೆಯುವ ಪಡೆಯಾದವು. ಅದರೊಳಗಿನ ಪದವಿಗಳಿಗೆ ಪ್ರಾಚೀನ ರೋಮಿನಿಂದ ಕಾನ್ಸುಲ್, ಸೆಂಚುರಿಯನ್ ಮುಂತಾದ ಹೆಸರುಗಳನ್ನು ತಂದರು. ಎರಡು ಸಾವಿರ ವರ್ಷಗಳ ಹಿಂದಿನ ಸಾಮ್ರಾಜ್ಯದ ಧೂಳನ್ನು ಹಚ್ಚಿಕೊಂಡ ಮಾತ್ರಕ್ಕೆ ನಿನ್ನೆಯ ಬೀದಿಜಗಳಗಂಟನು ಇಂದು ಸೇನಾಪತಿಯಾದನು.

ನಮ್ಮಲ್ಲಿ ಬಯಲಾಟದ ವೇಷಧಾರಿಯು ರಾತ್ರಿಯಿಡೀ ಕಿರೀಟವನ್ನಿಟ್ಟು ಗರ್ಜಿಸುತ್ತಾನೆ. ಬೆಳಗಾದೊಡನೆ ಕಿರೀಟವನ್ನು ಪೆಟ್ಟಿಗೆಯಲ್ಲಿ ಇಟ್ಟು, ಮುಖವನ್ನು ತೊಳೆದುಕೊಂಡು ಹೊಲಕ್ಕೆ ಹೋಗುತ್ತಾನೆ. ಅವನು ರಾಜನಲ್ಲವೆಂಬದು ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಇಟಲಿಯಲ್ಲಿ ಬೆಳಗಾದರೂ ಯಾರೂ ವೇಷವನ್ನು ಕಳಚಲಿಲ್ಲ.

ಇನ್ನು ಜರ್ಮನಿಗೆ ಬರೋಣ. ಹಿಟ್ಲರನ ಪಕ್ಷದ ದಾಳಿದಳವು 1921ರಲ್ಲಿ ಹುಟ್ಟಿದ್ದು ವ್ಯಾಯಾಮ ಮತ್ತು ಕ್ರೀಡೆಯ ಶಾಖೆಯೆಂಬ ಸೌಮ್ಯವಾದ ಹೆಸರಿನಿಂದ. ಅದೇ ವರ್ಷದಲ್ಲಿ ಅದು ತನ್ನ ನಿಜವಾದ ಹೆಸರನ್ನು ಧರಿಸಿತು. ಜರ್ಮನ್ ಭಾಷೆಯ ಆ ಹೆಸರಿನ ಮೊದಲಕ್ಷರಗಳಿಂದ ಲೋಕವು ಅದನ್ನು ಎಸ್.ಎ. ಎಂದು ಬಲ್ಲದು. ಮೊದಮೊದಲು ಅದಕ್ಕೆ ಗೊತ್ತಾದ ಉಡುಪೇ ಇರಲಿಲ್ಲ. ತೋಳಿಗೆ ಕೆಂಪು ಪಟ್ಟಿಯೊಂದೇ ಗುರುತು. ಮುಂದೆ ಪ್ರಖ್ಯಾತವಾದ ಕಂದು ಅಂಗಿಯ ಕಥೆಯನ್ನು ಕೇಳಿದರೆ ನಗೆ ಬರುತ್ತದೆ. ಆಫ್ರಿಕದ ವಸಾಹತುಗಳಲ್ಲಿದ್ದ ಸೈನಿಕರಿಗಾಗಿ ಹೊಲಿದು, ಯುದ್ಧದಲ್ಲಿ ಉಪಯೋಗವಾಗದೆ ಉಳಿದ ಅಂಗಿಗಳ ಸರಕೊಂದು ಆಸ್ಟ್ರಿಯದಲ್ಲಿ ಅಗ್ಗವಾಗಿ ದೊರೆಯಿತು. ಅದನ್ನು ಕೊಂಡು ಹಂಚಿದರು. 1926ರ ಸುಮಾರಿಗೆ ಅದೇ ದಳದ ಅಧಿಕೃತ ಉಡುಪಾಯಿತು. ಕಂದು ಬಣ್ಣದಲ್ಲಿ ಯಾವ ಗಹನವಾದ ಅರ್ಥವೂ ಇರಲಿಲ್ಲ. ಉಳಿದ ಸರಕಿಗೆ ಪಾವಿತ್ರ್ಯವನ್ನು ಆಮೇಲೆ ಲೇಪಿಸಿದರು.

ಸ್ವಸ್ತಿಕದ ಬಗ್ಗೆ ಇಲ್ಲಿಯೇ ಒಂದು ಮಾತು. ನಮ್ಮ ಹೊಸ್ತಿಲುಗಳ ಮೇಲೂ ವ್ಯಾಪಾರಿಗಳ ಹೊಸ ಲೆಕ್ಕದ ಪುಸ್ತಕಗಳ ಮೇಲೂ ಶುಭಕ್ಕಾಗಿ ಬರೆಯುವ ಚಿಹ್ನೆಯನ್ನು ಕೆಂಪು ಪಟ್ಟಿಯ ನಡುವಣ ಬಿಳಿಯ ವೃತ್ತದಲ್ಲಿ ಕಂಡಾಗ ಕನ್ನಡಿಗನಿಗೆ ಆಶ್ಚರ್ಯವಾಗುವದು ಸಹಜ. ಜರ್ಮನರು ಅದನ್ನು ಕೊಕ್ಕೆಯ ಶಿಲುಬೆ ಎಂಬರ್ಥದ ತಮ್ಮ ಮಾತಿನಿಂದಲೇ ಕರೆಯುತ್ತಿದ್ದರು. ಹಿಟ್ಲರನಿಗಿಂತ ಮೊದಲೇ ಅಲ್ಲಿಯ ಜನಾಂಗದ್ವೇಷಿ ಸಂಘಗಳು ಅದನ್ನು ಆರ್ಯ ರಕ್ತದ ಗುರುತೆಂದು ಬಳಸುತ್ತಿದ್ದವು. 1920ರಲ್ಲಿ ಅದು ಪಕ್ಷದ ಧ್ವಜವನ್ನೇರಿತು. ನಮ್ಮ ಮನೆಯ ಮಂಗಲಚಿಹ್ನೆಗೆ ಅದರಿಂದ ಮೈಲಿಗೆಯಾಗಲಿಲ್ಲ. ಹಾಗೆಯೇ ಆ ಪಕ್ಷಕ್ಕೆ ಅದರಿಂದ ನಮ್ಮ ನಂಟಸ್ತಿಕೆಯೂ ಬರಲಿಲ್ಲ. ಚಿಹ್ನೆಯು ಯಾರ ಕೈಯಲ್ಲಿ ಯಾವ ಕೆಲಸವನ್ನು ಮಾಡುತ್ತದೆಂಬದನ್ನು ನೋಡಿ ಅದರ ಅರ್ಥವನ್ನು ತಿಳಿಯಬೇಕು.

ಈಗ ಪದವಿಗಳ ಏಣಿಯನ್ನು ನೋಡೋಣ. ದಾಳಿದಳದವನ ಕೊರಳಪಟ್ಟಿಯ ಎರಡೂ ಬದಿಗೆ ಬಣ್ಣದ ತುಂಡುಗಳಿದ್ದವು. ಆ ಬಣ್ಣವು ಅವನ ಪ್ರಾಂತವನ್ನು ಹೇಳುತ್ತಿತ್ತು. ಬಲಗಡೆಯ ಅಂಕೆಗಳು ಅವನ ತುಕಡಿಯನ್ನು ಹೇಳುತ್ತಿದ್ದವು. ಎಡಗಡೆಯ ಚುಕ್ಕೆಗಳೂ ಗೆರೆಗಳೂ ಅವನ ಪದವಿಯನ್ನು ಹೇಳುತ್ತಿದ್ದವು. ಮೇಲಿನ ಪದವಿಗಳಿಗೆ ಏರಿದಂತೆ ಚುಕ್ಕೆಗಳು ಹೋಗಿ ಓಕ್ ಮರದ ಎಲೆಗಳು ಬರುತ್ತಿದ್ದವು. ಹೆಸರುಗಳನ್ನು ಲಕ್ಷ್ಯವಿಟ್ಟು ಕೇಳಿರಿ: ಶಾರ್‌ಫ್ಯೂರರ್, ಟ್ರುಪ್‌ಫ್ಯೂರರ್, ಸ್ಟುರ್ಮ್‌ಫ್ಯೂರರ್, ಸ್ಟಾಂಡಾರ್ಟನ್‌ಫ್ಯೂರರ್, ಗ್ರುಪ್ಪನ್‌ಫ್ಯೂರರ್. ಪ್ರತಿಯೊಂದು ಹೆಸರಿನ ಕೊನೆಗೂ ‘ಫ್ಯೂರರ್’ ಎಂಬ ಮಾತು, ಅಂದರೆ ನಾಯಕ. ಹಿಟ್ಲರನ ಬಿರುದೂ ಅದೇ. ಕೆಲವೇ ಮಂದಿಯ ಮೇಲೆ ದರ್ಪ ನಡಿಸುವ ಕೆಳದರ್ಜೆಯವನು ಸಹ ಆ ಮಹಾನಾಯಕನ ಬಿರುದಿನ ಒಂದು ಚೂರನ್ನು ತನ್ನ ಹೆಸರಿಗೆ ಕಟ್ಟಿಕೊಂಡು ತಿರುಗುತ್ತಿದ್ದನು.

ಇದರ ಆಕರ್ಷಣವನ್ನು ತಿಳಿಯಬೇಕಾದರೆ ಕಾಲವನ್ನು ನೆನೆಯಬೇಕು. 1932ರ ಪ್ರಾರಂಭದಲ್ಲಿ ಜರ್ಮನಿಯೊಳಗೆ 60 ಲಕ್ಷಕ್ಕೂ ಮಿಕ್ಕಿ ನಿರುದ್ಯೋಗಿಗಳಿದ್ದರು. ಓದಿಯೂ ಕೆಲಸವಿಲ್ಲದ ತರುಣ, ಅಂಗಡಿ ಮುಚ್ಚಿದ ವ್ಯಾಪಾರಿ, ಸೈನ್ಯದಿಂದ ಹೊರಬಿದ್ದ ಸರದಾರ, ಇವರನ್ನು ಸಮಾಜವು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಪಕ್ಷವು ಅವರಿಗೆ ಅನ್ನವನ್ನು ಕೊಡುವ ಮೊದಲೇ ಒಂದು ಪದವಿಯನ್ನು ಕೊಟ್ಟಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನೆಂಬ ನಮ್ಮ ಗಾದೆಯನ್ನು ಹೇಳಿ ನಾವು ನಗಬಹುದು. ಆದರೆ ಕೊಡೆಯನ್ನು ಹಿಡಿಸಿಕೊಳ್ಳುವ ಆಶೆಯು ಅಲ್ಪನಲ್ಲಿ ಹುಟ್ಟುವದಕ್ಕೆ ಅವನನ್ನು ಅಲ್ಪನೆಂದು ನೂಕಿದ ಸಮಾಜವೂ ಕಾರಣ ಎಂಬದನ್ನು ಮರೆಯಬಾರದು.

ಮತ್ತೊಂದು ಸಂಗತಿ. ಈ ಉಡುಪನ್ನು ಪಕ್ಷವು ಉಚಿತವಾಗಿ ಹಂಚಲಿಲ್ಲ. ಸಾಮಾನ್ಯವಾಗಿ ಪ್ರತಿಯೊಬ್ಬನೂ ತನ್ನ ಅಂಗಿಯನ್ನೂ ಟೊಪ್ಪಿಗೆಯನ್ನೂ ಬೂಟನ್ನೂ ತಾನೇ ಕೊಳ್ಳಬೇಕು. ಅದೂ ಪಕ್ಷದ ಅಪ್ಪಣೆ ಪಡೆದ ಅಂಗಡಿಗಳಲ್ಲಿಯೇ. ಯಾವ ಕಾರಖಾನೆಯು ಯಾವ ಬಟ್ಟೆಯಿಂದ ಏನನ್ನು ತಯಾರಿಸಬೇಕೆಂಬದನ್ನು ಪಕ್ಷದ ಸಾಮಗ್ರಿ ಕಚೇರಿಯು ಗೊತ್ತುಪಡಿಸಿ ಮುದ್ರೆಯನ್ನೊತ್ತುತ್ತಿತ್ತು. ದಾಳಿದಳದ ಹೆಸರಿನ ಸಿಗರೇಟುಗಳು ಮಾರಾಟವಾಗಿ ಅದರ ಲಾಭದ ಪಾಲು ದಳದ ಖಜಾನೆಗೆ ಸೇರುತ್ತಿತ್ತು. ಮೆಟ್ಸಿಂಗನ್ ಊರಿನ ಹ್ಯೂಗೋ ಬಾಸ್ ಎಂಬ ಸಿಂಪಿಗ ಕಾರಖಾನೆದಾರನು ಕಂದು ಅಂಗಿಗಳನ್ನು ಹೊಲಿದನು, 1931ರಲ್ಲಿ ತಾನೂ ಪಕ್ಷವನ್ನು ಸೇರಿದನು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವನ ಕಾರಖಾನೆಯಲ್ಲಿ ಬಲಾತ್ಕಾರದಿಂದ ತಂದ ಪರದೇಶದ ಕೆಲಸಗಾರರು ಸೈನ್ಯದ ಉಡುಪುಗಳನ್ನು ಹೊಲಿಯುತ್ತಿದ್ದರು. ತನ್ನ ಹಣದಿಂದ ತನ್ನ ಬೇಡಿಯನ್ನು ಕೊಂಡವನಿಗೆ ಆ ಬೇಡಿಯ ಮೇಲೆ ಮಮತೆ ಹುಟ್ಟುತ್ತದೆ. ಕೊಂಡವನು ಪಕ್ಷವನ್ನು ಬಿಟ್ಟರೆ ಕೊಟ್ಟ ಹಣವೂ ಹೋಯಿತು, ಗಳಿಸಿದ ಚುಕ್ಕೆಯೂ ಹೋಯಿತು.

ಹಾಗಾದರೆ ಆಗಿನ ಜರ್ಮನ್ ಸರಕಾರವು ಕಣ್ಣುಮುಚ್ಚಿ ಕುಳಿತಿತ್ತೇ? ಇಲ್ಲ. ಅಪಾಯವನ್ನು ಅದು ಕಂಡಿತ್ತು. ಆದರೆ ಕಂಡದ್ದನ್ನು ದೃಢವಾಗಿ ಹಿಡಿಯಲಿಲ್ಲ. 1930ರ ಬೇಸಗೆಯಲ್ಲಿ ಪ್ರಶಿಯ ಪ್ರಾಂತವು ಕಂದು ಅಂಗಿಯನ್ನು ನಿಷೇಧಿಸಿತು. ದಳದವರು ಮರುದಿನವೇ ಬಿಳಿ ಅಂಗಿಯನ್ನು ತೊಟ್ಟು, ಅದೇ ಸಾಲಿನಲ್ಲಿ ಅದೇ ಹೆಜ್ಜೆಯನ್ನಿಟ್ಟು ನಡೆದರು. ಅದೇ ವರ್ಷದ ಅಕ್ಟೋಬರದಲ್ಲಿ ಹೊಸ ಲೋಕಸಭೆ ಸೇರಿದಾಗ ಪಕ್ಷದ 107 ಪ್ರತಿನಿಧಿಗಳು ಕಂದು ಅಂಗಿಗಳಲ್ಲಿಯೇ ಒಳಗೆ ಬಂದು ಕುಳಿತರು. ಪ್ರತಿನಿಧಿಗಳಿಗೆ ಕಾಯಿದೆಯು ಕೊಟ್ಟ ರಕ್ಷಣೆಯನ್ನೇ ಕಾಯಿದೆಯನ್ನು ಅಣಕಿಸಲು ಬಳಸಿದರು. 1931ರ ಡಿಸೆಂಬರದಲ್ಲಿ ರಾಷ್ಟ್ರಕ್ಕೆಲ್ಲ ಅನ್ವಯಿಸುವ ನಿಷೇಧವಾಯಿತು. 1932ರ ಏಪ್ರಿಲದಲ್ಲಿ ಮುಖ್ಯಮಂತ್ರಿ ಬ್ರ್ಯೂನಿಂಗನ ಸರಕಾರವು ದಾಳಿದಳವನ್ನೇ ವಿಸರ್ಜಿಸಿತು. ಆಗ ಆ ದಳದಲ್ಲಿ ಸುಮಾರು 4 ಲಕ್ಷ ಜನರಿದ್ದರು. ಸಂಧಿಯ ಮೇರೆಗೆ ಜರ್ಮನಿಯ ಸೈನ್ಯಕ್ಕೆ ಇದ್ದ ಮಿತಿಯು 1 ಲಕ್ಷ. ಆದರೆ ಎರಡೇ ತಿಂಗಳೊಳಗೆ ಬ್ರ್ಯೂನಿಂಗನು ಹೋದನು, ಫಾನ್ ಪಾಪೆನ್ನನು ಬಂದನು. ಹಿಟ್ಲರನ ಬೆಂಬಲದ ಆಶೆಗೆ ನಿಷೇಧಗಳನ್ನು ರದ್ದುಪಡಿಸಿದನು. ಜುಲೈ 17ರಂದು ಹ್ಯಾಂಬರ್ಗದ ಬಳಿಯ ಆಲ್ಟೋನಾ ಎಂಬ ಊರಿನಲ್ಲಿ ದಳದವರು ಎದುರಾಳಿಗಳ ಕೇರಿಗಳೊಳಗಿಂದ ಮೆರವಣಿಗೆ ಹೊರಡಿಸಿದರು. ಸಂಜೆಯೊಳಗೆ 18 ಜನ ಸತ್ತರು. ಪಾಪೆನ್ನನು ಆ ರಕ್ತಪಾತವನ್ನೇ ನೆಪಮಾಡಿ ಪ್ರಶಿಯದ ಚುನಾಯಿತ ಸರಕಾರವನ್ನು ಕಿತ್ತೊಗೆದನು. ಕೋಲು ಕೊಟ್ಟು ಹೊಡೆಸಿಕೊಂಡರೆಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ.

ಸಭಾಸದರೇ, ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮಹತ್ವದ ವಸ್ತು ಒಂದು ತುಂಡು ಬಿಳಿಯ ಬಟ್ಟೆ ಎಂದು ನಾನು ತಿಳಿಯುತ್ತೇನೆ. 1933ರ ಜನವರಿ 30ಕ್ಕೆ ಹಿಟ್ಲರನು ಮುಖ್ಯಮಂತ್ರಿಯಾದನು. ಫೆಬ್ರುವರಿ 22ರಂದು ಪ್ರಶಿಯದ ಗೃಹಖಾತೆಯನ್ನು ಹಿಡಿದಿದ್ದ ಗೋರಿಂಗನು ದಾಳಿದಳ ಮೊದಲಾದ ತಮ್ಮ ಕಡೆಯ ಪಡೆಗಳಿಂದ ಸುಮಾರು 50 ಸಾವಿರ ಜನರನ್ನು ಸಹಾಯಕ ಪೋಲೀಸರೆಂದು ನೇಮಿಸಿದನು. ಅವರಿಗೆ ಹೊಸ ಉಡುಪನ್ನು ಹೊಲಿಸಲಿಲ್ಲ. ಅದೇ ಕಂದು ಅಂಗಿಯ ತೋಳಿಗೆ ಒಂದು ಬಿಳಿಯ ಪಟ್ಟಿಯನ್ನು ಕಟ್ಟಿದರು. ನಿನ್ನೆ ಬೀದಿಯಲ್ಲಿ ಹೊಡೆದವನನ್ನು ಹಿಡಿಯಿರೆಂದು ಪೋಲೀಸರಲ್ಲಿ ಮೊರೆಯಿಡುತ್ತಿದ್ದ ನಾಗರಿಕನಿಗೆ ಈಗ ಹೊಡೆಯುವವನೇ ಪೋಲೀಸನಾದನು. ಮುಂದಿನ ವಾರಗಳಲ್ಲಿ ಸಾವಿರಾರು ಎದುರಾಳಿಗಳನ್ನು ಹಿಡಿದು ನೆಲಮಾಳಿಗೆಗಳಲ್ಲಿಯೂ ಹಾಳು ಕಾರಖಾನೆಗಳಲ್ಲಿಯೂ ಕೂಡಿಹಾಕಿ ಹಿಂಸಿಸಿದರು. ಪಕ್ಷದ ಅಂಗಿಗೂ ಸರಕಾರದ ಬಿಲ್ಲೆಗೂ ನಡುವಿನ ಗೋಡೆಯು ಎಷ್ಟು ತೆಳುವಾಗಿತ್ತೆಂದರೆ ಅದನ್ನು ದಾಟಲು ಒಂದು ಗೇಣು ಬಟ್ಟೆಯೇ ಸಾಕಾಯಿತು. ಹತ್ತು ವರ್ಷಗಳಿಂದ ಆ ಗೋಡೆಯನ್ನು ಕೆರೆದು ತೆಳುಮಾಡಿದ್ದು ಅಂಗಿಯೇ.

ಅಂಗಿಯು ಅಧಿಕಾರಕ್ಕೆ ಬಂದ ಮೇಲೆ ಅದನ್ನು ಕಾಯಲು ಕಾಯಿದೆಯು ಬಂದಿತು. 1934ರ ಡಿಸೆಂಬರ 20ರ ಕಾಯಿದೆಯ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವದಾದರೆ, ರಾಜ್ಯದ ಹಾಗೂ ಪಕ್ಷದ ಮೇಲೆ ವಿಶ್ವಾಸಘಾತುಕ ದಾಳಿಗಳನ್ನು ತಡೆಯುವ ಮತ್ತು ಪಕ್ಷದ ಸಮವಸ್ತ್ರಗಳನ್ನು ರಕ್ಷಿಸುವ ಕಾಯಿದೆ. ಒಂದು ಕಲಮಿನಲ್ಲಿ ಅಪ್ಪಣೆಯಿಲ್ಲದೆ ಪಕ್ಷದ ಉಡುಪನ್ನೂ ಬಿಲ್ಲೆಯನ್ನೂ ತಯಾರಿಸುವವನಿಗೆ, ಮಾರುವವನಿಗೆ ಶಿಕ್ಷೆ. ಇನ್ನೊಂದು ಕಲಮಿನಲ್ಲಿ ನಾಯಕರ ವಿಷಯದಲ್ಲಿ ಹಗೆಯ ಮಾತನ್ನಾಡಿದವನಿಗೆ ಶಿಕ್ಷೆ. ಚಹದ ಅಂಗಡಿಯಲ್ಲಿ ಆಡಿದ ಒಂದು ಚೇಷ್ಟೆಯ ಮಾತು ಸಹ ವಿಶೇಷ ನ್ಯಾಯಾಲಯವನ್ನು ಮುಟ್ಟಬಹುದಾಗಿತ್ತು. ಅಂಗಿಯ ರಕ್ಷಣೆಯನ್ನೂ ನಗೆಯ ನಿಷೇಧವನ್ನೂ ಒಂದೇ ಕಾಯಿದೆಯಲ್ಲಿ ಹೊಲಿದದ್ದು ಆಕಸ್ಮಿಕವಲ್ಲ. ಬಿಲ್ಲೆಗೆ ನಗೆಯಷ್ಟು ದೊಡ್ಡ ವೈರಿ ಇಲ್ಲ. 1940ರಲ್ಲಿ ಚಾರ್ಲಿ ಚಾಪ್ಲಿನ್ನನು ತನ್ನ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರಪಟದಲ್ಲಿ ಆ ಕೊಕ್ಕೆಶಿಲುಬೆಯ ಸ್ಥಳದಲ್ಲಿ ಎರಡು ಗುಣಾಕಾರದ ಚಿಹ್ನೆಗಳನ್ನು ಹಚ್ಚಿ ಜಗತ್ತನ್ನು ನಗಿಸಿದನು. ಜರ್ಮನಿಯ ಜನರು ಹಳದಿ ಮಿನುಗಿನ ಉಡುಪಿನ ಪಕ್ಷಾಧಿಕಾರಿಗಳಿಗೆ ‘ಬಂಗಾರದ ಕಾಡುಕೋಳಿಗಳು’ ಎಂಬರ್ಥದ ಹೆಸರನ್ನಿಟ್ಟಿದ್ದರು. ಆದರೆ ಅದನ್ನು ಪಿಸುದನಿಯಲ್ಲಿ ಆಡಬೇಕಾಗಿತ್ತು.

ಈ ಏಣಿಯು ಮನೆಯ ಬಾಗಿಲ ವರೆಗೆ ಇಳಿದಿತ್ತು. ಪಕ್ಷದ ಆಡಳಿತದಲ್ಲಿ ರಾಷ್ಟ್ರದ ಕೆಳಗೆ ‘ಗೌ’ ಎಂಬ ಪ್ರಾಂತ, ಅದರ ಕೆಳಗೆ ಜಿಲ್ಲೆ, ಅದರ ಕೆಳಗೆ ಊರು, ಕೊನೆಗೆ ನಾಲ್ವತ್ತರಿಂದ ಅರವತ್ತು ಮನೆಗಳಿಗೆ ಒಬ್ಬ ಬ್ಲಾಕ್ ನಾಯಕ. ಒಂದೊಂದು ಮಟ್ಟಕ್ಕೂ ಕೊರಳಪಟ್ಟಿಯ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಬ್ಲಾಕ್ ನಾಯಕನು ವಂತಿಗೆಯನ್ನು ಕೂಡಿಸುವ ನೆಪದಿಂದ ಮನೆಮನೆಗೆ ಬರುತ್ತಿದ್ದನು. ಯಾರು ಹಬ್ಬಕ್ಕೆ ಧ್ವಜವನ್ನೇರಿಸಲಿಲ್ಲ, ಯಾರು ಯಾರೊಡನೆ ಮಾತನಾಡುತ್ತಾರೆ ಎಂಬದನ್ನು ಬರೆದುಕೊಂಡು ಹೋಗುತ್ತಿದ್ದನು. ಚಳಿಗಾಲದ ಬಡವರ ನಿಧಿಗೆ ಹಣ ಕೊಟ್ಟವರಿಗೂ ಸಣ್ಣ ಸಣ್ಣ ಬಿಲ್ಲೆಗಳು ಸಿಗುತ್ತಿದ್ದವು. ಅದನ್ನು ಎದೆಗೆ ಸಿಕ್ಕಿಸಿಕೊಳ್ಳದವನು ಕೊಡದವನೆಂದು ಬೀದಿಯಲ್ಲಿಯೇ ಗೊತ್ತಾಗಬೇಕು. ದಾನವೂ ಹೀಗೆ ಹಾಜರಿಯ ಪಟ್ಟಿಯಾಯಿತು.

ಇಷ್ಟೆಲ್ಲ ಬಿಲ್ಲೆಗಳ ನಡುವೆ ಹಿಟ್ಲರನು ಮಾತ್ರ ಪದವಿಯ ಗುರುತಿಲ್ಲದ ಸಾದಾ ಕೋಟನ್ನು ತೊಡುತ್ತಿದ್ದನು. ಯುದ್ಧದಲ್ಲಿ ಪಡೆದ ಕಬ್ಬಿಣದ ಶಿಲುಬೆ, ಗಾಯಾಳುವಿನ ಗುರುತು, ಪಕ್ಷದ ಬಂಗಾರದ ಬಿಲ್ಲೆ, ಇಷ್ಟೇ ಅವನ ಎದೆಯ ಮೇಲೆ. ಇದನ್ನು ವಿನಯವೆಂದು ಭಾವಿಸಿದವರೂ ಇದ್ದರು. ಪದವಿಗಳನ್ನೆಲ್ಲ ಹಂಚುವವನಿಗೆ ಪದವಿಯ ಗುರುತು ಏಕೆ ಬೇಕು? ಉಳಿದವರ ಚುಕ್ಕೆಗಳು ಅವನ ಕೈಯಲ್ಲಿದ್ದವು. ಅವು ಎಷ್ಟು ಗಟ್ಟಿಯೆಂಬದು 1934ರ ಜೂನ 30ಕ್ಕೆ ತಿಳಿಯಿತು. ದಾಳಿದಳದ ಮುಖ್ಯಸ್ಥ ಎರ್ನ್‌ಸ್ಟ್ ರೋಮನನ್ನೂ ಅವನ ಹಿರಿಯ ನಾಯಕರನೇಕರನ್ನೂ ಹಿಡಿದು ವಿಚಾರಣೆಯಿಲ್ಲದೆ ಗುಂಡಿಕ್ಕಿ ಕೊಂದರು. ಸತ್ತವರ ಸಂಖ್ಯೆ ಎಂಬತ್ತನ್ನು ಮೀರಿತು. ಕೊಂದವರು 1932ರಿಂದ ಕಪ್ಪು ಉಡುಪನ್ನು ಧರಿಸಿದ ಎಸ್.ಎಸ್. ಪಡೆಯವರು, ಅಂದರೆ ಅದೇ ಪದವಿನಾಮಗಳನ್ನು ಹೊತ್ತ ಸೋದರಪಡೆಯವರು. ಓಕ್ ಎಲೆಗಳು ಯಾರ ಕೊರಳನ್ನೂ ಉಳಿಸಲಿಲ್ಲ. ದಾಳಿದಳದ ಕಾಟ ತಪ್ಪಿತೆಂದು ಸಂತೋಷಪಟ್ಟ ಸೈನ್ಯವು ಅದೇ ವರ್ಷ ತನ್ನ ಉಡುಪಿನ ಮೇಲೆ ಪಕ್ಷದ ಹದ್ದನ್ನು ಹಚ್ಚಿಕೊಂಡಿತ್ತು. ಆಗಸ್ಟ 2ರಂದು ದೇಶದ ಹೆಸರಿನಲ್ಲಿ ಅಲ್ಲ, ಹಿಟ್ಲರನೆಂಬ ಒಬ್ಬ ಮನುಷ್ಯನ ಹೆಸರಿನಲ್ಲಿ ಪ್ರಮಾಣವಚನವನ್ನು ಸ್ವೀಕರಿಸಿತು.

ಶಿಕ್ಷಕ ಬಂಧುಗಳು ಇಲ್ಲಿ ಅನೇಕರಿರುವದರಿಂದ ಶಾಲೆಯ ಮಾತನ್ನು ವಿಶೇಷವಾಗಿ ಹೇಳಬೇಕು. ಹತ್ತು ವರ್ಷದ ಬಾಲಕನನ್ನು ಪಕ್ಷದ ಕಿರಿಯರ ದಳಕ್ಕೆ ಸೇರಿಸುತ್ತಿದ್ದರು. ಓಟ, ಜಿಗಿತ, ಪಕ್ಷದ ಪಾಠ ಇವುಗಳ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಚೂರಿಯೊಂದು ಸಿಗುತ್ತಿತ್ತು. ದೊಡ್ಡ ಹುಡುಗರ ಚೂರಿಯ ಅಲಗಿನ ಮೇಲೆ ‘ರಕ್ತ ಮತ್ತು ಗೌರವ’ ಎಂಬರ್ಥದ ಮಾತನ್ನು ಕೊರೆದಿದ್ದರು. ಹದಿಮೂರು ಹದಿನಾಲ್ಕರ ಹುಡುಗನು ಹತ್ತು ಹುಡುಗರ ನಾಯಕನಾಗಿ ಬಣ್ಣದ ಹುರಿಯನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದನು. ಯುವಕರನ್ನು ಯುವಕರೇ ನಡಿಸಬೇಕೆಂಬದು ಅವರ ಘೋಷಣೆ. ಕೇಳಲು ಇಂಪಾದ ಘೋಷಣೆಯೇ ಸರಿ. ಅದರ ಪರಿಣಾಮವೇನಾಯಿತು? ಹುರಿಯನ್ನು ಕಟ್ಟಿಕೊಂಡು ತರಗತಿಯಲ್ಲಿ ಕುಳಿತ ಹುಡುಗನಿಗೆ ಗುರುವಿನ ಮಾತಿಗಿಂತ ದಳದ ಆಜ್ಞೆಯೇ ದೊಡ್ಡದಾಯಿತು. ತಂದೆ ಮನೆಯಲ್ಲಿ ಏನನ್ನು ಆಡಿದನೆಂಬದನ್ನು ಹೊರಗೆ ಹೇಳುವದು ಕರ್ತವ್ಯವೆನಿಸಿತು. 1939ರ ಮಾರ್ಚದಿಂದ ಈ ದಳಕ್ಕೆ ಸೇರುವದು ಕಡ್ಡಾಯವಾಯಿತು. ಯುದ್ಧದ ಕೊನೆಯ ದಿನಗಳಲ್ಲಿ ಇಂಥ ಹುಡುಗರನ್ನೇ ಶತ್ರುವಿನ ಟ್ಯಾಂಕುಗಳ ಎದುರಿಗೆ ನಿಲ್ಲಿಸಿದರು.

ಶಿಕ್ಷಕರು ಇದನ್ನು ತಡೆಯಬಹುದಾಗಿತ್ತಲ್ಲವೇ ಎಂದು ನಾವು ಕೇಳುತ್ತೇವೆ. 1933ರ ಏಪ್ರಿಲದ ಕಾಯಿದೆಯಿಂದ ಯಹೂದಿ ಶಿಕ್ಷಕರನ್ನೂ ಎದುರು ಮತದವರನ್ನೂ ಕೆಲಸದಿಂದ ತೆಗೆದರು. ಉಳಿದವರಲ್ಲಿ ಬಹುಮಂದಿ ಪಕ್ಷದ ಶಿಕ್ಷಕ ಸಂಘವನ್ನು ಸೇರಿದರು. 1937ರ ಹೊತ್ತಿಗೆ ನೂರಕ್ಕೆ ತೊಂಬತ್ತೇಳು ಜನ ಶಿಕ್ಷಕರು ಅದರ ಸದಸ್ಯರಾಗಿದ್ದರು. ಪಾಠದ ಪ್ರಾರಂಭಕ್ಕೆ ಕೈಯೆತ್ತಿ ಹಿಟ್ಲರನಿಗೆ ಜಯಕಾರ ಹೇಳುವದು ನಿಯಮವಾಯಿತು. ಹೊಟ್ಟೆಯ ಪಾಡು ಎಲ್ಲರಿಗೂ ಉಂಟು. ಅವರನ್ನು ದೂರದಿಂದ ಹಳಿಯುವದು ಸುಲಭ. ಆದರೂ ಒಂದು ಮಾತನ್ನು ಹೇಳಲೇಬೇಕು. ಮಗುವಿಗೆ ಮೊದಲನೆಯ ಬಿಲ್ಲೆಯನ್ನು ಪಕ್ಷವು ಹಚ್ಚಿದ ದಿನವೇ ಶಿಕ್ಷಕನು ತನ್ನ ಆಸನವನ್ನು ಕಳೆದುಕೊಂಡನು. ಮುಂದೆ ಅವನು ಆ ಆಸನದಲ್ಲಿ ಕುಳಿತದ್ದು ಬರಿಯ ವಾಡಿಕೆ.

ಬಿಲ್ಲೆಗಳ ಈ ಕಥೆಯ ಕೊನೆಯ ಅಂಕವು ಘೋರವಾದದ್ದು. ಮನುಷ್ಯನನ್ನು ಅವನ ಬಟ್ಟೆಯ ಮೇಲಿನ ಗುರುತಿನಿಂದ ಓದುವ ಅಭ್ಯಾಸವನ್ನು ಒಂದು ಸಮಾಜಕ್ಕೆ ಕಲಿಸಿದ ಮೇಲೆ ಅದು ತನ್ನವರ ಗುರುತಿನಲ್ಲಿಯೇ ನಿಲ್ಲುವದಿಲ್ಲ. ಸೆರೆಯ ಶಿಬಿರಗಳಲ್ಲಿ ಕೈದಿಗಳ ಅಂಗಿಗೆ ಬಣ್ಣದ ತ್ರಿಕೋಣಗಳನ್ನು ಹೊಲಿದರು: ರಾಜಕೀಯ ಕೈದಿಗೆ ಕೆಂಪು, ಅಪರಾಧಿಗೆ ಹಸಿರು, ಆಯುಧವನ್ನು ಹಿಡಿಯಲೊಲ್ಲೆವೆಂದ ಯೆಹೋವನ ಸಾಕ್ಷಿಗಳಿಗೆ ಊದಾ, ಸಲಿಂಗಪ್ರೇಮಿಗಳಿಗೆ ಗುಲಾಬಿ, ಸಮಾಜಬಾಹಿರರೆಂದು ಕರೆದವರಿಗೆ ಕಪ್ಪು. 1939ರಲ್ಲಿ ಪೋಲಂಡನ್ನು ಗೆದ್ದ ಮೇಲೆ ಅಲ್ಲಿಯ ಯಹೂದಿಗಳ ತೋಳಿಗೆ ನೀಲಿ ನಕ್ಷತ್ರದ ಬಿಳಿಯ ಪಟ್ಟಿಯನ್ನು ಕಟ್ಟಿಸಿದರು. 1941ರ ಸೆಪ್ಟೆಂಬರ 19ರಿಂದ ಜರ್ಮನಿಯೊಳಗೆ ಆರು ವರ್ಷ ತುಂಬಿದ ಪ್ರತಿಯೊಬ್ಬ ಯಹೂದಿಯೂ ಎದೆಯ ಎಡಗಡೆಗೆ ಹಳದಿ ನಕ್ಷತ್ರವನ್ನು ಹೊಲಿದುಕೊಳ್ಳಬೇಕೆಂದಾಯಿತು. ಆ ಬಟ್ಟೆಯ ತುಂಡಿಗೆ ಅವರಿಂದಲೇ ಹಣವನ್ನು ವಸೂಲು ಮಾಡಿದರು. ಗುರುತಿಸಿದ ಮೇಲೆ ಪ್ರತ್ಯೇಕಿಸಿದರು, ಪ್ರತ್ಯೇಕಿಸಿದ ಮೇಲೆ ಗಾಡಿಗಳಲ್ಲಿ ತುಂಬಿ ಪೂರ್ವಕ್ಕೆ ಸಾಗಿಸಿದರು. ಸುಮಾರು 60 ಲಕ್ಷ ಯಹೂದಿಗಳು ಕೊಲೆಯಾದರು. ಓಕ್ ಎಲೆಯನ್ನೂ ಹಳದಿ ನಕ್ಷತ್ರವನ್ನೂ ಕತ್ತರಿಸಿದ ಕತ್ತರಿ ಒಂದೇ.

1945ರ ಮೇ ತಿಂಗಳಲ್ಲಿ ಈ ಬಿಲ್ಲೆಗಳೆಲ್ಲ ಎಲ್ಲಿ ಹೋದವು? ಒಲೆಗಳಲ್ಲಿ, ಬಾವಿಗಳಲ್ಲಿ, ತೋಟದ ಮಣ್ಣಿನಲ್ಲಿ. ಹನ್ನೆರಡು ವರ್ಷ ಎದೆಯುಬ್ಬಿಸಿ ತೋರಿಸಿದ್ದನ್ನು ಒಂದು ರಾತ್ರಿಯಲ್ಲಿ ಅಡಗಿಸಿದರು. ಆದರೆ ದಾಖಲೆಗಳು ಉಳಿದವು. 1946ರ ಅಕ್ಟೋಬರ 1ರಂದು ನ್ಯೂರೆಂಬರ್ಗದ ಅಂತರರಾಷ್ಟ್ರೀಯ ನ್ಯಾಯಾಲಯವು ಎಸ್.ಎಸ್. ಪಡೆಯನ್ನೂ ಗೆಸ್ಟಾಪೋ ಪೋಲೀಸರನ್ನೂ ಪಕ್ಷದ ನಾಯಕವರ್ಗವನ್ನೂ ಅಪರಾಧಿ ಸಂಸ್ಥೆಗಳೆಂದು ಸಾರಿತು. ನಾಯಕವರ್ಗದಲ್ಲಿ ಊರಿನ ನಾಯಕನ ವರೆಗೆ ಹೊಣೆಯನ್ನು ಹೊರಿಸಿ, ಬ್ಲಾಕ್ ನಾಯಕನನ್ನು ಅದರಿಂದ ಹೊರಗಿಟ್ಟಿತು. ಗೌರವಕ್ಕಾಗಿ ಕಟ್ಟಿದ ಏಣಿಯು ಕೊನೆಗೆ ಅಪರಾಧದ ಅಳತೆಗೋಲಾಗಿ ಉಪಯೋಗಕ್ಕೆ ಬಂದಿತು. ಎಷ್ಟು ಮೆಟ್ಟಿಲುಗಳನ್ನು ಏರಿದ್ದೆ ಎಂಬದೇ ಪ್ರಶ್ನೆಯಾಯಿತು.

ಈ ಪಾಠವನ್ನು ಸಕಾಲದಲ್ಲಿ ಕಲಿತ ದೇಶವೂ ಉಂಟು. ಇಂಗ್ಲಂಡದಲ್ಲಿ ಸರ್ ಆಸ್ವಾಲ್ಡ್ ಮೋಸ್ಲಿಯು ಮುಸೊಲಿನಿಯನ್ನು ಅನುಕರಿಸಿ ಕರಿ ಅಂಗಿಯ ದಳವನ್ನು ಕಟ್ಟಿದನು. 1936ರ ಅಕ್ಟೋಬರ 4ರಂದು ಲಂಡನದ ಪೂರ್ವಭಾಗದಲ್ಲಿ ಅವನ ಮೆರವಣಿಗೆಯನ್ನು ಅಲ್ಲಿಯ ಸಾಮಾನ್ಯ ಜನರು ಅಡ್ಡಗಟ್ಟಿ ನಿಲ್ಲಿಸಿದರು. ಅದೇ ವರ್ಷದ ಕೊನೆಗೆ ಪಾರ್ಲಿಮೆಂಟು ರಾಜಕೀಯ ಸಮವಸ್ತ್ರಗಳನ್ನು ನಿಷೇಧಿಸಿ ಕಾಯಿದೆ ಮಾಡಿತು. ಮೋಸ್ಲಿಯ ಮಾತಿಗೆ ಬಾಯಿಕಟ್ಟು ಹಾಕಲಿಲ್ಲ. ಅವನ ಅಂಗಿಯನ್ನು ಮಾತ್ರ ಕಳಚಿದರು. ಜನರೂ ಕಾಯಿದೆಯೂ ಒಂದೇ ಕಾಲಕ್ಕೆ ಎಚ್ಚರಗೊಂಡದ್ದರಿಂದ ಆ ದಳದ ಆಡಂಬರವು ಇಳಿಯಿತು. ಯುದ್ಧಾನಂತರದ ಪಶ್ಚಿಮ ಜರ್ಮನಿಯೂ 1953ರ ಕಾಯಿದೆಯಲ್ಲಿ, ರಾಜಕೀಯ ಅಭಿಪ್ರಾಯವನ್ನು ಸಾರುವ ಸಮವಸ್ತ್ರವನ್ನು ಬಹಿರಂಗವಾಗಿ ಧರಿಸಬಾರದೆಂದು ವಿಧಿಸಿತು.

ಹಾಗೆಂದು ಸಮವಸ್ತ್ರವೆಲ್ಲ ಕೆಟ್ಟದ್ದೆಂದು ನಾನು ಹೇಳಿದೆನೆಂದು ತಿಳಿಯಬೇಡಿರಿ. ಶಾಲೆಯ ಮಕ್ಕಳ ಒಂದೇ ಬಣ್ಣದ ಅಂಗಿಯು ಬಡವ ಬಲ್ಲಿದರ ಭೇದವನ್ನು ಮುಚ್ಚುತ್ತದೆ. ಜಾತ್ರೆಯಲ್ಲಿ ದಾರಿತಪ್ಪಿದ ಮಗುವು ಸ್ವಯಂಸೇವಕನ ತೋಳಪಟ್ಟಿಯನ್ನು ನೋಡಿ ಅವನ ಕೈ ಹಿಡಿಯುತ್ತದೆ. ಹುಬ್ಬಳ್ಳಿಯ ಡಾಕ್ಟರ ಹರ್ಡೀಕರರು ಕಟ್ಟಿದ ಸೇವಾದಳದವರಿಗೂ ಉಡುಪು ಇತ್ತು, ಕವಾಯತು ಇತ್ತು, ಶಿಸ್ತು ಇತ್ತು. ಅವರು ನಿಂತದ್ದು ಸೇವೆಗೆ. ಶಿಸ್ತು ಬೇಡವೆಂದಲ್ಲ. ಶಿಸ್ತಿನ ಹೆಸರಿನಲ್ಲಿ ಬರುವ ಬಿಲ್ಲೆಯನ್ನು ಪರೀಕ್ಷಿಸಿ ನೋಡಬೇಕು.

ಪರೀಕ್ಷೆಯು ಕಠಿಣವಾದದ್ದೇನೂ ಅಲ್ಲ. ಈ ಗುರುತನ್ನು ಯಾರು ಕೊಟ್ಟರು, ಕೊಟ್ಟವರನ್ನು ಕೇಳತಕ್ಕವರು ಯಾರು ಎಂದು ಮೊದಲು ವಿಚಾರಿಸಬೇಕು. ಇದನ್ನು ಧರಿಸಿದವನು ನನಗೆ ಅನ್ಯಾಯ ಮಾಡಿದರೆ ನಾನು ಯಾರ ಬಾಗಿಲಿಗೆ ಹೋಗಬೇಕೆಂದು ಆಮೇಲೆ ವಿಚಾರಿಸಬೇಕು. ಇದನ್ನು ಧರಿಸದೆ ಇರುವ ಸ್ವಾತಂತ್ರ್ಯವು ನನ್ನ ನೆರೆಯವನಿಗೆ ಉಂಟೋ ಎಂಬದು ಕೊನೆಯ ಪ್ರಶ್ನೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯೂ ಅದೇ. ಈ ಪ್ರಶ್ನೆಗಳನ್ನು ಶಿಕ್ಷಕರು ಮಕ್ಕಳಿಗೆ ಕಲಿಸಬೇಕು. ನಾಗರಿಕರು ತಮ್ಮ ಮೆಚ್ಚಿನ ಪಕ್ಷಕ್ಕೂ ಕೇಳಬೇಕು. ಎದುರು ಪಕ್ಷಕ್ಕೆ ಕೇಳುವದರಲ್ಲಿ ಹೆಚ್ಚಿನ ಧೈರ್ಯವೇನೂ ಬೇಕಾಗುವದಿಲ್ಲ.

ಜರ್ಮನಿಯ ನಾಗರಿಕರು ವಿದ್ಯಾವಂತರಾಗಿದ್ದರು. ಅವರಲ್ಲಿ ವಿಶ್ವವಿದ್ಯಾಲಯಗಳಿದ್ದವು, ವೃತ್ತಪತ್ರಗಳಿದ್ದವು, ಪ್ರಜಾರಾಜ್ಯದ ಘಟನೆಯೊಂದಿತ್ತು. ಬೀದಿಯಲ್ಲಿ ಮೊದಲನೆಯ ಕಂದು ಅಂಗಿಯು ಕಾಣಿಸಿದಾಗ ಅದನ್ನು ಹುಡುಗರ ಆಟವೆಂದು ನಕ್ಕು ಬಿಟ್ಟವರೂ ಇದ್ದರು, ತಮ್ಮ ವೈರಿಗಳನ್ನು ಹೊಡೆಯುತ್ತಾರೆಂದು ಒಳಗೊಳಗೆ ಸಂತೋಷಪಟ್ಟವರೂ ಇದ್ದರು. ಈ ಎರಡೂ ತೆರದವರ ಬಾಗಿಲಿಗೆ ಬ್ಲಾಕ್ ನಾಯಕನು ಒಂದು ದಿನ ಬಂದು ನಿಂತನು. ಆ ದಿನ ನಗುವದಕ್ಕೆ ಕಾಯಿದೆಯ ಅಡ್ಡಿಯಿತ್ತು.